ಎಸೆದ ನಿಯಮಗಳ ಲೆಕ್ಕ ಎಲ್ಲಿ?

ನಮ್ಮ ಜಿಲ್ಲೆಯ ಹುಡುಗರ ಬಾಯಲ್ಲಿ ಈಗ ಒಂದು ಪದ ಓಡಾಡುತ್ತಿದೆ: ಬ್ಯಾಕ್‌ಟೆಸ್ಟ್. ಮಳವಳ್ಳಿಯಿಂದ ಮದ್ದೂರಿಗೆ ಬರುವ ಬಸ್ಸಿನ ಹಿಂದಿನ ಸೀಟಿನಲ್ಲಿ, ಮಂಡ್ಯದ ಬಾಡಿಗೆ ರೂಮುಗಳಲ್ಲಿ, ಟೀ ಅಂಗಡಿಯ ಮುಂದೆ ಬೈಕಿನ ಮೇಲೆ ಕುಳಿತು ಮೊಬೈಲ್ ನೋಡುವವರ ನಡುವೆ ಇದನ್ನು ಕೇಳಿದ್ದೇನೆ. ಆಪ್ಷನ್ಸ್‌ನಲ್ಲಿ ದುಡ್ಡು ಹಾಕಬೇಡ್ರೋ ಎಂದು ಹಿರಿಯರು ಯಾರಾದರೂ ಬುದ್ಧಿ ಹೇಳಲು ಹೋದರೆ, "ಇಲ್ಲ ಕಣಣ್ಣಾ, ಬ್ಯಾಕ್‌ಟೆಸ್ಟ್ ಮಾಡಿವ್ನಿ" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಹಿರಿಯರು ಸುಮ್ಮನಾಗುತ್ತಾರೆ. ಟೆಸ್ಟ್ ಎಂಬ ಪದ ಇದೆಯಲ್ಲ, ಏನೋ ಪರೀಕ್ಷೆ ಆಗಿದೆ, ಓದಿದ ಹುಡುಗ ಬೇರೆ, ಗೊತ್ತಿದ್ದೇ ಮಾಡುತ್ತಿರಬೇಕು ಅಂದುಕೊಳ್ಳುತ್ತಾರೆ.

ನನ್ನ ತಕರಾರು ಈ ಪದದ ಮೇಲೆಯೇ. ಇದು ಪರೀಕ್ಷೆಯಲ್ಲ. ನಮ್ಮ ಊರುಗಳಲ್ಲಿ ಇದನ್ನು ಕಲಿಸುವ, ಮಾರುವ, ನಂಬುವ ರೀತಿಯಲ್ಲಂತೂ ಖಂಡಿತ ಅಲ್ಲ. ಪರೀಕ್ಷೆ ಅಂದಮೇಲೆ ಫೇಲಾಗುವ ಸಾಧ್ಯತೆ ಇರಬೇಕು. ಪಾಸಾಗುವವರೆಗೂ ಪ್ರಶ್ನೆಪತ್ರಿಕೆ ಬದಲಿಸುತ್ತಾ ಕೊನೆಗೆ ಪಾಸಾದ ಪತ್ರಿಕೆಯೊಂದನ್ನೇ ಊರಿಗೆ ತೋರಿಸುವುದಕ್ಕೆ ಬೇರೆ ಹೆಸರಿದೆ.

ತಿಳಿಯದವರಿಗೆ ಎರಡು ಮಾತು. ಷೇರಿನ ಅಥವಾ ನಿಫ್ಟಿಯಂಥ ಸೂಚ್ಯಂಕದ ಹಳೆಯ ಬೆಲೆಗಳೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತವೆ. ಒಂದು ನಿಯಮ ಮಾಡಿಕೊಳ್ಳಿ: ಇಪ್ಪತ್ತು ದಿನದ ಸರಾಸರಿ ಬೆಲೆಯ ಗೆರೆ ಐವತ್ತು ದಿನದ ಸರಾಸರಿಯ ಗೆರೆಯನ್ನು ದಾಟಿ ಮೇಲೆ ಹೋದರೆ ಕೊಳ್ಳುವುದು, ಕೆಳಗಿಳಿದರೆ ಮಾರುವುದು. ಈ ನಿಯಮವನ್ನು ಹತ್ತು ವರ್ಷದ ಹಳೆಯ ಚಾರ್ಟಿನ ಮೇಲೆ ಓಡಿಸಿದರೆ, ಅಂದು ನೀವು ಹೀಗೆ ಮಾಡಿದ್ದರೆ ಇಂದು ಇಷ್ಟು ಹಣ ಇರುತ್ತಿತ್ತು ಎಂದು ಕಂಪ್ಯೂಟರ್ ಹೇಳುತ್ತದೆ. ಇದೇ ಬ್ಯಾಕ್‌ಟೆಸ್ಟ್. ಮೊದಲು ಇದಕ್ಕೆ ಪ್ರೋಗ್ರಾಮಿಂಗ್ ಬರಬೇಕಿತ್ತು. ಈಗ ಮೊಬೈಲಿನಲ್ಲೇ ನಾಲ್ಕು ಕಡೆ ಒತ್ತಿದರೆ ಸಾಕು, ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುವ ಹಸಿರು ಗೆರೆ ಬರುತ್ತದೆ. ಆ ಗೆರೆಯ ಸ್ಕ್ರೀನ್‌ಶಾಟ್ ಟೆಲಿಗ್ರಾಂ ಗುಂಪಿಗೆ ಹೋಗುತ್ತದೆ. ಅಲ್ಲಿಂದ ಯಾರದೋ ತಾಯಿಯ ಸಂಘದ ಸಾಲಕ್ಕೆ ಬಂದು ತಾಗುತ್ತದೆ.

ನಾನು ಬೆಲ್ಲದ ಧಾರಣೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮಂಡ್ಯ ಎಪಿಎಂಸಿಯಲ್ಲಿ ಅಚ್ಚು, ಕುರಿಕಾಲು, ಬಕೆಟ್ ಬೆಲ್ಲಗಳು ಯಾವ ದಿನ ಎಷ್ಟಕ್ಕೆ ಹೋದವು ಎಂಬ ಅಂಕಿಗಳ ಜೊತೆಗೇ ನಾಲ್ಕು ವರ್ಷದಿಂದ ನನ್ನ ಬದುಕು. ಹಾಗಾಗಿ ಹಳೆಯ ಬೆಲೆಗಳನ್ನು ಮುಂದಿಟ್ಟುಕೊಂಡು ಅದರಲ್ಲಿ ಏನೋ ಕಂಡಿತು ಎಂದು ಹಿಗ್ಗುವ ಸುಖ ನನಗೂ ಚೆನ್ನಾಗಿ ಗೊತ್ತು. ನಮ್ಮ ವಿಭಾಗದಲ್ಲಿ ಆ ಹಿಗ್ಗನ್ನು ಇಳಿಸುವುದಕ್ಕೆಂದೇ ಒಬ್ಬರು ಮಾರ್ಗದರ್ಶಕರು ಇರುತ್ತಾರೆ. ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಮುಂಚೆ ಎಷ್ಟು ಮಾಡೆಲ್ ಹಾಕಿ ನೋಡಿದೆ?" ಟ್ರೇಡಿಂಗ್ ಕಲಿಸುವ ಯಾವ ಕಾರ್ಯಾಗಾರದಲ್ಲೂ ನಾನು ಈ ಪ್ರಶ್ನೆ ಕೇಳಿಲ್ಲ. ನಮ್ಮ ಕಡೆಯ ಒಂದು ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ನಡೆದ ಅಂಥದ್ದೊಂದು ಕಾರ್ಯಕ್ರಮಕ್ಕೆ ಹೋಗಿ ಕುಳಿತಿದ್ದೆ. ಬ್ಲೇಜರ್ ಹಾಕಿಕೊಂಡು ಬಂದಿದ್ದವರು ಪರದೆಯ ಮೇಲೆ ಹಸಿರು ಗೆರೆ ತೋರಿಸಿ, "ಇದು ನನ್ನ ಅಭಿಪ್ರಾಯ ಅಲ್ಲ, ಡೇಟಾ ಮಾತಾಡ್ತಾ ಇದೆ, ಸೈನ್ಸ್ ಇದು" ಅಂದರು. ಎಷ್ಟು ನಿಯಮಗಳನ್ನು ಪ್ರಯತ್ನಿಸಿ ಇದನ್ನು ಆರಿಸಿದಿರಿ ಎಂದು ಕೇಳಿದೆ. ಪ್ರಶ್ನೋತ್ತರ ಕೊನೆಯಲ್ಲಿ ಎಂದರು. ಕೊನೆಯಲ್ಲಿ ಕೋರ್ಸಿನ ಫೀಸಿಗೆ ರಿಯಾಯಿತಿ ಇತ್ತು, ಪ್ರಶ್ನೋತ್ತರ ಇರಲಿಲ್ಲ.

ಈ ಪ್ರಶ್ನೆ ಏಕೆ ಮುಖ್ಯ ಎಂಬುದಕ್ಕೆ ದೊಡ್ಡ ಗಣಿತ ಬೇಕಿಲ್ಲ. ಕಾಲೇಜು ಮೈದಾನದಲ್ಲಿ 1,024 ಜನರನ್ನು ನಿಲ್ಲಿಸಿ ಒಬ್ಬೊಬ್ಬರ ಕೈಗೂ ಒಂದೊಂದು ನಾಣ್ಯ ಕೊಡಿ. ಎಲ್ಲರೂ ಹತ್ತು ಸಲ ಚಿಮ್ಮಲಿ. ಸರಾಸರಿ ಲೆಕ್ಕದಲ್ಲಿ ಅವರಲ್ಲಿ ಒಬ್ಬರಿಗೆ ಹತ್ತಕ್ಕೆ ಹತ್ತೂ ತಲೆಯೇ ಬೀಳುತ್ತದೆ. ಆ ಒಬ್ಬರನ್ನು ಮಾತ್ರ ವೇದಿಕೆಗೆ ಕರೆದು ಹಾರ ಹಾಕಿ, ಉಳಿದ 1,023 ಜನರನ್ನು ಹಿಂದಿನ ಗೇಟಿನಿಂದ ಕಳಿಸಿಬಿಟ್ಟರೆ ನೋಡುವವರಿಗೆ ಅದು ಪವಾಡ. ನಿಯಮಗಳ ವಿಷಯದಲ್ಲೂ ಹೀಗೆಯೇ. ಒಂದಕ್ಕೊಂದು ಸಂಬಂಧವಿಲ್ಲದ, ಕೆಲಸಕ್ಕೆ ಬಾರದ 20 ನಿಯಮಗಳಿವೆ ಎನ್ನಿ. ಅವುಗಳಲ್ಲಿ ಒಂದೊಂದಕ್ಕೂ ಬರೀ ಅದೃಷ್ಟದಿಂದ ಚೆನ್ನಾಗಿ ಕಾಣುವ ಸಾಧ್ಯತೆ ನೂರಕ್ಕೆ ಐದು. ಆಗ ಇಪ್ಪತ್ತರಲ್ಲಿ ಕನಿಷ್ಠ ಒಂದಾದರೂ ಚೆನ್ನಾಗಿ ಕಾಣುವ ಸಾಧ್ಯತೆ ನೂರಕ್ಕೆ 64. ಇನ್ನು ಮೊಬೈಲಿನಲ್ಲಿ ಚಿಕ್ಕ ಸರಾಸರಿಗೆ ಹತ್ತು ಅಂಕಿ, ದೊಡ್ಡ ಸರಾಸರಿಗೆ ಹತ್ತು ಅಂಕಿ, ಸ್ಟಾಪ್‌ಲಾಸಿಗೆ ಐದು, ಚಾರ್ಟಿನ ಅವಧಿಗೆ ನಾಲ್ಕು ಬದಲಿಸಿ ನೋಡಿದರೆ ಒಟ್ಟು 2,000 ನಿಯಮಗಳಾದವು. ಒಂದು ಭಾನುವಾರ ಮಧ್ಯಾಹ್ನದ ಕೆಲಸ. ಸೋಮವಾರ ಬೆಳಿಗ್ಗೆ 9:15ಕ್ಕೆ ಪೇಟೆ ತೆರೆದಾಗ ಕೈಯಲ್ಲಿರುವುದು ಆ ಎರಡು ಸಾವಿರದಲ್ಲಿ ಗೆದ್ದ ಒಂದು. ಸತ್ತ 1,999ರ ಸುದ್ದಿ ಯಾರೂ ಎತ್ತುವುದಿಲ್ಲ.

2014ರಲ್ಲಿ ಬೈಲಿ, ಬೋರ್ವೈನ್, ಲೋಪೆಜ್ ದೆ ಪ್ರಾಡೋ ಮತ್ತು ಝು ಎಂಬ ನಾಲ್ವರು ಅಮೆರಿಕನ್ ಗಣಿತ ಸಂಘದ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಲೇಖನ ಬರೆದರು. ಶೀರ್ಷಿಕೆಯಲ್ಲೇ ಹುಸಿಗಣಿತ, ಹಣಕಾಸಿನ ಬೂಟಾಟಿಕೆ ಎಂಬ ಅರ್ಥದ ಪದಗಳಿದ್ದವು. ಐದು ವರ್ಷದ ದೈನಂದಿನ ಬೆಲೆಗಳಷ್ಟೇ ಇದ್ದರೆ, ಪರಸ್ಪರ ಸಂಬಂಧವಿಲ್ಲದ 45 ಪ್ರಯತ್ನಗಳನ್ನು ದಾಟಿದ ಮೇಲೆ ಸಿಗುವ ಚಂದದ ಫಲಿತಾಂಶಕ್ಕೆ ಬೆಲೆಯಿಲ್ಲ ಎಂಬುದು ಅವರ ಲೆಕ್ಕ. ಅದಕ್ಕೂ ಮುಂಚೆ ಡೇವಿಡ್ ಲೀನ್‌ವೆಬರ್ ಎಂಬಾತ ತಮಾಷೆಗೆಂದು ಅಮೆರಿಕದ ಷೇರು ಸೂಚ್ಯಂಕಕ್ಕೆ ಅತ್ಯುತ್ತಮವಾಗಿ ಹೊಂದುವ ಅಂಕಿಗಾಗಿ ಜಗತ್ತಿನ ಅಂಕಿಅಂಶಗಳನ್ನೆಲ್ಲ ಜಾಲಾಡಿದ್ದ. ಸಿಕ್ಕಿದ್ದು ಬಾಂಗ್ಲಾದೇಶದ ಬೆಣ್ಣೆಯ ಉತ್ಪಾದನೆ. ಇಂಥ ಹುಡುಕಾಟದ ಮೂರ್ಖತನ ತೋರಿಸಲು ಅವನು ಇದನ್ನು ಮಾಡಿದ್ದ. ಆಮೇಲೆ ವರ್ಷಗಟ್ಟಲೆ ಜನ ಅವನಿಗೆ ಫೋನ್ ಮಾಡಿ ಈ ಸಲದ ಬೆಣ್ಣೆ ಎಷ್ಟು ಎಂದು ಕೇಳುತ್ತಿದ್ದರಂತೆ.

ನಗಬೇಡಿ. ನಾನೂ ಮದ್ದೂರಿನ ನಾಲ್ಕಾರು ಹುಡುಗರ ಮುಂದೆ ಇದನ್ನೇ ಮಾಡಿ ನೋಡಿದ್ದೇನೆ. ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಅಂಕಿಗಳನ್ನು, ಅಂದರೆ ನಾಣ್ಯ ಚಿಮ್ಮಿದ ಹಾಗೆ ಬಂದ ಅಂಕಿಗಳನ್ನು, ಒಂದರ ಮೇಲೊಂದು ಕೂಡಿಸಿ ಒಂದು ಸುಳ್ಳು ಚಾರ್ಟ್ ಮಾಡಿದೆ. ಅದರ ಮೇಲೆ ಕೆಲವು ನೂರು ನಿಯಮಗಳನ್ನು ಓಡಿಸಿ, ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ಮಾತ್ರ ಪ್ರಿಂಟ್ ತೆಗೆದು ಕೊಟ್ಟೆ. ಅವರು ಬೆಂಬಲದ ಗೆರೆ ಎಳೆದರು, ತಲೆ-ಭುಜದ ಆಕಾರ ಗುರುತಿಸಿದರು, ಇಲ್ಲಿ ಆಪರೇಟರ್ ಬಂದವ್ನೆ ಅಂದರು. ಕೊನೆಗೆ ಒಬ್ಬ ಮೆಲ್ಲಗೆ ಕೇಳಿದ: "ಯಾವ್ ಷೇರಣ್ಣ ಇದು?" ಅದು ಯಾವ ಷೇರೂ ಅಲ್ಲ ಎಂದಾಗ ಅವರಿಗೆ ನನ್ನ ಮೇಲೆ ಸಿಟ್ಟು ಬಂತು. ಸಿಟ್ಟು ಚಾರ್ಟಿನ ಮೇಲೆ ಬರಲಿಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರು ಇರಬಹುದು. ನನಗೆ ಇದು ಓದುವಿಕೆಯ ಪ್ರಶ್ನೆಯಾಗಿಯೇ ಕಾಣುತ್ತದೆ. ಕಾದಂಬರಿಯಲ್ಲಿ ಎಲ್ಲವನ್ನೂ ಬಲ್ಲ ನಿರೂಪಕ ಬಂದರೆ ನಾವು ಅವನನ್ನು ಗುರುತಿಸುತ್ತೇವೆ, ಕೊನೆ ಗೊತ್ತಿದ್ದು ಕಥೆ ಹೇಳುತ್ತಿದ್ದಾನೆ ಎಂದು ನಮಗೆ ತಿಳಿದಿರುತ್ತದೆ. ಬ್ಯಾಕ್‌ಟೆಸ್ಟಿನಲ್ಲೂ ಅಂಥ ನಿರೂಪಕ ಇದ್ದಾನೆ, ಆದರೆ ಅಂಕಿಗಳ ಹಿಂದೆ ಅಡಗಿ ಕುಳಿತಿರುತ್ತಾನೆ. ಇವತ್ತಿನ ನಿಫ್ಟಿಯ ಐವತ್ತು ಕಂಪನಿಗಳ ಪಟ್ಟಿ ತೆಗೆದುಕೊಂಡು 2008ರಿಂದ ಪರೀಕ್ಷೆ ಮಾಡುತ್ತೇನೆ ಎನ್ನುವ ಹುಡುಗನ ಪಟ್ಟಿಯಲ್ಲಿ ಸತ್ಯಂ ಇರುವುದಿಲ್ಲ. 2009ರ ಜನವರಿ 7ರಂದು ಅದರ ಅಧ್ಯಕ್ಷರು ಲೆಕ್ಕ ತಿದ್ದಿದ್ದನ್ನು ಒಪ್ಪಿಕೊಂಡರು, ಷೇರು ಒಂದೇ ದಿನದಲ್ಲಿ ಮಣ್ಣು ಮುಕ್ಕಿತು, ಅದೇ ತಿಂಗಳು ಕಂಪನಿ ಸೂಚ್ಯಂಕದಿಂದ ಹೊರಬಿತ್ತು. 2020ರ ಮಾರ್ಚಿನಲ್ಲಿ ಹೊರಬಿದ್ದ ಯೆಸ್ ಬ್ಯಾಂಕೂ ಆ ಪಟ್ಟಿಯಲ್ಲಿ ಇರುವುದಿಲ್ಲ. 2008ರಲ್ಲಿ ನಿಜವಾಗಿ ದುಡ್ಡು ಹಾಕುತ್ತಿದ್ದವನಿಗೆ ಇವೆರಡೂ ಒಳ್ಳೆಯ ಹೆಸರುಗಳೇ. ಸತ್ತವರನ್ನೆಲ್ಲ ಮೊದಲೇ ತೆಗೆದುಹಾಕಿ, ಉಳಿದವರ ಆಯುಷ್ಯದ ಸರಾಸರಿ ತೆಗೆದು, ನೋಡಿ ಇಲ್ಲಿ ಯಾರೂ ಸಾಯುವುದೇ ಇಲ್ಲ ಎಂದ ಹಾಗಾಯಿತು.

ಇನ್ನೂ ಸಣ್ಣ ಮೋಸಗಳಿವೆ. ದಿನದ ಕೊನೆಯ ಬೆಲೆ ನೋಡಿ ಅದೇ ದಿನ ಬೆಳಗಿನ ಬೆಲೆಗೆ ಕೊಂಡೆ ಎಂದು ಬರೆದುಕೊಂಡ ನಿಯಮಗಳನ್ನು ನಾನೇ ನೋಡಿದ್ದೇನೆ. ಬರೆದವನಿಗೆ ತಾನು ಮೋಸ ಮಾಡುತ್ತಿದ್ದೇನೆ ಎಂಬ ಅರಿವೂ ಇರಲಿಲ್ಲ, ಪಾಪ. ಸ್ಟಾಪ್‌ಲಾಸ್ ಶೇ 1ಕ್ಕೆ ಹಾಕಿದರೆ ನಷ್ಟ ಶೇ 1ಕ್ಕೆ ನಿಲ್ಲುತ್ತದೆ ಎಂದು ಚಾರ್ಟ್ ನಂಬುತ್ತದೆ. 2020ರ ಮಾರ್ಚ್ 23ರ ಬೆಳಿಗ್ಗೆ ನಿಫ್ಟಿ ಶೇ 10 ಬಿದ್ದು ವಹಿವಾಟೇ ನಿಂತಿತು, ಮತ್ತೆ ತೆರೆದು ದಿನದ ಕೊನೆಗೆ ಸುಮಾರು ಶೇ 13ರಷ್ಟು ಇಳಿದಿತ್ತು. ಬಾಗಿಲೇ ಇಲ್ಲದ ಕಡೆ ಒಂದು ಪರ್ಸೆಂಟಿನಲ್ಲಿ ಹೊರಗೆ ಬರುವುದು ಹೇಗೆ? ಲೋಕಸಭಾ ಚುನಾವಣೆಯ ಫಲಿತಾಂಶ ಬಂದ 2024ರ ಜೂನ್ 4ರಂದೂ ಸೂಚ್ಯಂಕ ಸುಮಾರು ಶೇ 6 ಕುಸಿಯಿತು.

ಖರ್ಚಿನ ಲೆಕ್ಕವನ್ನಂತೂ ಕೇಳಲೇಬೇಡಿ. ಬಹಳಷ್ಟು ಆಪ್‌ಗಳಲ್ಲಿ ಒಂದು ಆರ್ಡರಿಗೆ 20 ರೂಪಾಯಿ ಬ್ರೋಕರೇಜ್, ಅದರ ಮೇಲೆ ಶೇ 18 ಜಿಎಸ್‌ಟಿ. ದಿನಕ್ಕೆ ನಾಲ್ಕು ಸಲ ಕೊಂಡು ಮಾರಿದರೆ ಎಂಟು ಆರ್ಡರ್, ಅಂದರೆ 188 ರೂಪಾಯಿ 80 ಪೈಸೆ. ವರ್ಷಕ್ಕೆ 240 ದಿನ ಎಂದರೆ 45,312 ರೂಪಾಯಿ. ಐವತ್ತು ಸಾವಿರ ಬಂಡವಾಳ ಹಾಕಿದ ಮಳವಳ್ಳಿಯ ಹುಡುಗ ತನ್ನ ಅಸಲಿನ ನೂರಕ್ಕೆ ತೊಂಬತ್ತು ಭಾಗವನ್ನು ಗೆಲ್ಲುವ ಮೊದಲೇ, ಸೋಲುವ ಮೊದಲೇ, ಬರೀ ಬಾಗಿಲು ದಾಟುವುದಕ್ಕೆ ಕೊಟ್ಟಿರುತ್ತಾನೆ. ವಹಿವಾಟು ತೆರಿಗೆಯನ್ನು ನಾನಿನ್ನೂ ಸೇರಿಸಿಲ್ಲ. 2024ರ ಅಕ್ಟೋಬರ್ 1ರಿಂದ ಆಪ್ಷನ್ ಮಾರಾಟದ ಮೇಲೆ ಅದು ಶೇ 0.0625ರಿಂದ ಶೇ 0.1ಕ್ಕೆ ಏರಿತು. ಅಂದಮೇಲೆ ಅದಕ್ಕೂ ಹಿಂದಿನ ವರ್ಷಗಳ ಖರ್ಚನ್ನು ಹಿಡಿದು ಮಾಡಿದ ಬ್ಯಾಕ್‌ಟೆಸ್ಟ್ ಇವತ್ತಿನ ಪೇಟೆಯದ್ದಲ್ಲ. ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್ ಅಂತೂ 2024ರ ನವೆಂಬರ್‌ನಲ್ಲಿ ನಿಂತೇಹೋಯಿತು. ನಿಫ್ಟಿಯ ಎಕ್ಸ್‌ಪೈರಿ 2025ರ ಸೆಪ್ಟೆಂಬರ್‌ನಿಂದ ಗುರುವಾರದ ಬದಲು ಮಂಗಳವಾರಕ್ಕೆ ಬಂತು. "ಗುರುವಾರದ ಸ್ಟ್ರಾಟಜಿ, ಐದು ವರ್ಷದ ಬ್ಯಾಕ್‌ಟೆಸ್ಟ್" ಎಂದು ದುಡ್ಡು ಕೊಟ್ಟು ಕಲಿತವರು ಈಗ ಯಾವ ವಾರ ಕಾಯಬೇಕು?

ನಮ್ಮ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾದದ್ದೂ ಅಲ್ಲ. ಕಬ್ಬು ನಾಟಿ ಮಾಡುವವನು ಇವತ್ತಿನ ಬೆಲ್ಲದ ಧಾರಣೆ ನೋಡಿ ನಾಟಿ ಮಾಡುತ್ತಾನೆ, ಕಬ್ಬು ಕಡಿಯುವ ಹೊತ್ತಿಗೆ ಒಂದು ವರ್ಷ ದಾಟಿರುತ್ತದೆ. ಹೋದ ವರ್ಷ ಬೆಲೆ ಬಂತೆಂದು ಊರಿಗೆ ಊರೇ ನಾಟಿ ಮಾಡಿದರೆ ಆಲೆಮನೆಗಳೆಲ್ಲ ಒಟ್ಟಿಗೆ ಹೊಗೆಯಾಡಿ ಎಪಿಎಂಸಿಯಲ್ಲಿ ಬೆಲ್ಲ ಬಿದ್ದು ಹೊರಳಾಡುತ್ತದೆ. ಟೊಮೆಟೊ ಬೆಳೆದವರಿಗೆ ಇದು ಮೂರು ತಿಂಗಳಲ್ಲೇ ಅರ್ಥವಾಗುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರಬಲೆಯ ಸಿದ್ಧಾಂತ ಎಂಬ ಹೆಸರಿದೆ, 1938ರಲ್ಲಿ ಮೊರ್ಡೆಕೈ ಎಜೆಕಿಯಲ್ ಬರೆದ ಪ್ರಬಂಧವನ್ನು ನಮಗೆಲ್ಲ ಓದಿಸುತ್ತಾರೆ. ನನ್ನ ಅಜ್ಜಿಯಂಥವರು ಅದನ್ನು ಓದದೆಯೇ, "ಎಲ್ರೂ ಆಕವ್ರೆ, ನಾವ್ ಈ ಸಲ ಬ್ಯಾಡ" ಎಂದು ರಾಗಿ ಬಿತ್ತುತ್ತಿದ್ದರು. ಹಳೆಯ ಬೆಲೆಯನ್ನು ನೋಡಿ ಮಾಡಿದ ನಿಯಮ, ಅದನ್ನು ಹತ್ತು ಜನ ಅನುಸರಿಸಿದ ಕೂಡಲೇ ಮುಂದಿನ ಬೆಲೆಯನ್ನೇ ಬದಲಿಸುತ್ತದೆ. ಸಾವಿರಾರು ಜನರಿರುವ ಟೆಲಿಗ್ರಾಂ ಗುಂಪಿನಲ್ಲಿ ಎಲ್ಲರೂ ಒಂದೇ ನಿಮಿಷಕ್ಕೆ ಒಂದೇ ಆಪ್ಷನ್ ಕೊಳ್ಳುವ ನಿಯಮಕ್ಕೆ ಏನಾಗುತ್ತದೆಂದು ಬೇರೆ ಹೇಳಬೇಕೆ.

ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಿ ನೋಡಿ. ಒಂದು ಸೈಕಲ್ಲಿನಷ್ಟು ಕಾಯಿ ತಂದವನಿಗೆ ಆವತ್ತಿನ ಬೆಲೆ ಸಿಗುತ್ತದೆ. ನಾಲ್ಕು ಲಾರಿ ಹೊತ್ತುಕೊಂಡು ಬಂದವನು ಅದೇ ಬೆಲೆಗೆ ಎಲ್ಲವನ್ನೂ ಮಾರಲಾರ, ಅವನು ಬಂದದ್ದು ಕಂಡೇ ಬೆಲೆ ಇಳಿಯುತ್ತದೆ. ಬ್ಯಾಕ್‌ಟೆಸ್ಟಿನ ಹುಡುಗ ಮಾತ್ರ ಪ್ರೇತದ ಹಾಗೆ. ಎಷ್ಟು ಬೇಕಾದರೂ ಕೊಳ್ಳುತ್ತಾನೆ, ಎಷ್ಟು ಬೇಕಾದರೂ ಮಾರುತ್ತಾನೆ, ಪೇಟೆಗೆ ಅವನು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಆ ಗೆರೆಯನ್ನು ಎಳೆದವರು ಯಾರು ಎಂಬ ಪ್ರಶ್ನೆಯೂ ಉಳಿದಿದೆ. ಹುಡುಗರು ಚಾರ್ಟನ್ನು ಮಳೆ ನಕ್ಷತ್ರದ ಹಾಗೆ ಓದುತ್ತಾರೆ, ಪ್ರಕೃತಿಯೇ ಬರೆದದ್ದು ಎಂಬಂತೆ. 2024ರ ಜನವರಿ 17ರ ಬ್ಯಾಂಕ್ ನಿಫ್ಟಿಯ ಚಾರ್ಟ್ ಎಷ್ಟೋ ಮಂದಿಯ ಬ್ಯಾಕ್‌ಟೆಸ್ಟಿನೊಳಗೆ ಒಂದು ಸಾಮಾನ್ಯ ದಿನವಾಗಿ ಕುಳಿತಿದೆ. ಆ ದಿನ ಬೆಳಿಗ್ಗೆ ಜೇನ್ ಸ್ಟ್ರೀಟ್ ಎಂಬ ಅಮೆರಿಕದ ಸಂಸ್ಥೆ ಬ್ಯಾಂಕ್ ಷೇರುಗಳನ್ನು ಭಾರೀ ಪ್ರಮಾಣದಲ್ಲಿ ಕೊಂಡು ಸೂಚ್ಯಂಕವನ್ನು ಎತ್ತಿ ಹಿಡಿಯಿತು, ಆಪ್ಷನ್ಸ್‌ನಲ್ಲಿ ಅದಕ್ಕೆ ವಿರುದ್ಧವಾಗಿ ನಿಂತಿತು, ಮಧ್ಯಾಹ್ನ ಕೊಂಡದ್ದನ್ನು ಮಾರಿ ಇಳಿಸಿತು ಎಂಬುದು ಸೆಬಿಯ ಆರೋಪ. 2025ರ ಜುಲೈ 3ರ ಮಧ್ಯಂತರ ಆದೇಶದಲ್ಲಿ ಸೆಬಿ 4,843 ಕೋಟಿ ರೂಪಾಯಿಯನ್ನು ಕಟ್ಟಿಸಿಕೊಳ್ಳಲು ಹೇಳಿತು. ಸಂಸ್ಥೆ ಆರೋಪವನ್ನು ಅಲ್ಲಗಳೆದು ಮೇಲ್ಮನವಿಗೆ ಹೋಗಿದೆ. ತೀರ್ಪು ಏನಾದರೂ ಬರಲಿ. ನಾನು ಕೇಳುವುದು ಇಷ್ಟೇ: ಆ ದಿನದ ಏರಿಳಿತದಿಂದ ಮಂಡ್ಯದ ರೂಮಿನಲ್ಲಿ ಕುಳಿತ ಹುಡುಗ ಕಲಿತ ನಿಯಮ ಯಾವುದರ ನಿಯಮ?

ನನ್ನ ಮಾತಿಗೆ ಎದುರಾಗಿ ಬರುವ ವಾದ ಗೊತ್ತಿದೆ. ದೊಡ್ಡ ಕಂಪನಿಗಳೂ ಬ್ಯಾಕ್‌ಟೆಸ್ಟ್ ಮಾಡುತ್ತವಲ್ಲ, ಅವು ಗೆಲ್ಲುತ್ತಿಲ್ಲವೇ? ಗೆಲ್ಲುತ್ತಿವೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರತಂದ ಅಧ್ಯಯನದ ಪ್ರಕಾರ 2023-24ರಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಿದೇಶಿ ಹೂಡಿಕೆದಾರರು ಗಳಿಸಿದ ಲಾಭದ ಶೇ 97, ಸ್ವಂತ ಬಂಡವಾಳದ ಟ್ರೇಡಿಂಗ್ ಸಂಸ್ಥೆಗಳ ಲಾಭದ ಶೇ 96 ಕಂಪ್ಯೂಟರ್ ನಿಯಮಗಳಿಂದಲೇ ಬಂದದ್ದು. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನೂ ಓದಬೇಕು. ಮೂರು ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಟ್ರೇಡರುಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಒಬ್ಬೊಬ್ಬರ ಸರಾಸರಿ ನಷ್ಟ ಸುಮಾರು 2 ಲಕ್ಷ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಆ ಲಾಭಕ್ಕೆ ಎದುರಿನ ಪಾತ್ರೆ ಇದೇ. ಇನ್ನು ದೊಡ್ಡ ಸಂಸ್ಥೆಗಳ ಬ್ಯಾಕ್‌ಟೆಸ್ಟ್ ಬೇರೆ ಜಾತಿಯದ್ದು. ಅಲ್ಲಿ ಒಬ್ಬ ನಿಯಮ ಮಾಡಿದರೆ ಅದನ್ನು ಕೊಲ್ಲುವುದಕ್ಕೆ ಸಂಬಳ ಪಡೆಯುವ ಇನ್ನೊಬ್ಬ ಇರುತ್ತಾನೆ. ಹುಡುಗನ ರೂಮಿನಲ್ಲಿ ಆ ಇನ್ನೊಬ್ಬ ಇಲ್ಲ.

ಬ್ಯಾಕ್‌ಟೆಸ್ಟ್ ಎಂಬ ಕೆಲಸದ ಹುಟ್ಟೇ ಹೀಗೆ, ಬೇಡ ಎನ್ನುವುದಕ್ಕೆ. ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಶುರುವಾದ 1933ರಲ್ಲೇ ಅಮೆರಿಕದಲ್ಲಿ ಆಲ್‌ಫ್ರೆಡ್ ಕೌಲ್ಸ್ ಎಂಬಾತ ಷೇರು ಭವಿಷ್ಯ ನುಡಿಯುವವರ ಮೇಲೆ ಒಂದು ಪ್ರಬಂಧ ಪ್ರಕಟಿಸಿದ. ವಾಲ್ ಸ್ಟ್ರೀಟ್ ಜರ್ನಲ್ಲಿನ ಸಂಪಾದಕರಾಗಿದ್ದ ವಿಲಿಯಂ ಹ್ಯಾಮಿಲ್ಟನ್ ಡೌ ಸಿದ್ಧಾಂತ ಹಿಡಿದು ಇಪ್ಪತ್ತಾರು ವರ್ಷ ಬರೆದ ಸಂಪಾದಕೀಯಗಳನ್ನೆಲ್ಲ ಕೂಡಿಹಾಕಿ, ಅವರ ಮಾತಿನಂತೆ ನಡೆದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿಸಿದ. ಹ್ಯಾಮಿಲ್ಟನ್ 90 ಸಲ ನಿಲುವು ಬದಲಿಸಿದ್ದರು. 45 ಸರಿ, 45 ತಪ್ಪು. ವರ್ಷಕ್ಕೆ ಸುಮಾರು ಶೇ 12 ಬರುತ್ತಿತ್ತು. ಏನೂ ಮಾಡದೆ ಷೇರು ಕೊಂಡು ಇಟ್ಟುಕೊಂಡಿದ್ದವನಿಗೆ ಶೇ 15.5. ನನಗೆ ಗೌರವ ಇರುವ ಬ್ಯಾಕ್‌ಟೆಸ್ಟ್ ಇದು. ನಿಯಮ ಬೇರೆಯವರದ್ದು, ಮೊದಲೇ ಅಚ್ಚಾಗಿ ಹೋಗಿದ್ದು, ತಿದ್ದಲು ಬಾರದ್ದು. ಹಳೆಯ ಬೆಲೆಗಳು ಒಂದು ನಿಯಮವನ್ನು ಕೊಲ್ಲಬಲ್ಲವು. ಹಿಂದೆಯೇ ಸೋತದ್ದು ಮುಂದೆ ಗೆಲ್ಲುತ್ತದೆ ಎನ್ನಲು ಕಾರಣವಿಲ್ಲ. ಹಿಂದೆ ಗೆದ್ದದ್ದು ಮುಂದೆಯೂ ಗೆಲ್ಲುತ್ತದೆ ಎಂದು ಅವೇ ಬೆಲೆಗಳು ಹೇಳಲಾರವು. ಮಾರಾಟಗಾರರು ಕದ್ದಿರುವುದು ಈ ವ್ಯತ್ಯಾಸವನ್ನೇ.

ಕದ್ದ ಮೇಲೆ ಏನಾಗುತ್ತದೆ ಎಂಬುದನ್ನು ನನಗೆ ಗೊತ್ತಿರುವ ಒಬ್ಬ ಹುಡುಗನಲ್ಲಿ ನೋಡಿದೆ. ಬಿ.ಕಾಂ. ಮುಗಿಸಿದವನು, ಊರು ಮಳವಳ್ಳಿ ತಾಲ್ಲೂಕು, ಮನೆಯಲ್ಲಿ ಹಿಪ್ಪುನೇರಳೆ ತೋಟ, ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ತಾಯಿ ಸಂಘದಲ್ಲಿ ಸಾಲ ತೆಗೆದು ಕೊಟ್ಟಿದ್ದರು. ಮೊದಲ ತಿಂಗಳು ಸ್ವಲ್ಪ ಬಂತು, ಎರಡನೆಯ ತಿಂಗಳು ಒಂದು ಶುಕ್ರವಾರ ದೊಡ್ಡದಾಗಿ ಹೋಯಿತು. ಅವನು ನಿಯಮ ಬಿಟ್ಟನೇ? ಇಲ್ಲ. ಶುಕ್ರವಾರ ಟ್ರೇಡ್ ಮಾಡಬಾರದು ಎಂದು ಒಂದು ಷರತ್ತು ಸೇರಿಸಿ ಮತ್ತೆ ಬ್ಯಾಕ್‌ಟೆಸ್ಟ್ ಓಡಿಸಿದ. ಹಸಿರು ಗೆರೆ ಮೊದಲಿಗಿಂತಲೂ ಚೆನ್ನಾಗಿ ಬಂತು. ಬಾರದೆ ಏನು, ಸೋತ ದಿನವನ್ನೇ ಕತ್ತರಿಸಿ ಹಾಕಿದ್ದನಲ್ಲ. ಆಮೇಲೆ ಪೇಟೆ ತುಂಬ ಜಿಗಿದಾಡುವ ದಿನ ಬೇಡ ಎಂಬ ಷರತ್ತು, ಬೆಳಗಿನ ಮೊದಲ ಹದಿನೈದು ನಿಮಿಷ ಬೇಡ ಎಂಬ ಷರತ್ತು. ಪ್ರತಿ ಸೋಲಿನ ನಂತರ ಅವನ ಖಾತೆ ಇಳಿಯಿತು, ಚಾರ್ಟ್ ಏರಿತು. ತಾಯಿಯ ಕಿವಿಯ ಓಲೆ ಅಡವಿಗೆ ಹೋದ ವಾರದಲ್ಲಿ ಅವನ ಬ್ಯಾಕ್‌ಟೆಸ್ಟ್ ಎಂದಿಗಿಂತಲೂ ಸುಂದರವಾಗಿತ್ತು. ಅದನ್ನು ನನಗೆ ತೋರಿಸಿ, "ಈಗ ಸರ್ಯಾಯ್ತು ನೋಡಣ್ಣ" ಅಂದ. ಅವನ ಕಣ್ಣಲ್ಲಿ ಜೂಜುಕೋರನ ಆಸೆ ಇರಲಿಲ್ಲ. ಪರೀಕ್ಷೆಗೆ ಚೆನ್ನಾಗಿ ಓದಿದ ವಿದ್ಯಾರ್ಥಿಯ ನೆಮ್ಮದಿ ಇತ್ತು. ನನ್ನ ಸಿಟ್ಟಿರುವುದು ಆ ನೆಮ್ಮದಿಯನ್ನು ಅವನಿಗೆ ಮಾರಿದವರ ಮೇಲೆ.

ಹಾಗಾಗಿ, ಇದೆಲ್ಲ ಇಸ್ಪೀಟು, ಹುಡುಗರಿಗೆ ದುಡಿಯದೆ ತಿನ್ನುವ ಚಟ ಎನ್ನುವ ನಮ್ಮ ಹಿರಿಯರ ಮಾತನ್ನೂ ನಾನು ಒಪ್ಪುವುದಿಲ್ಲ. ದುಡಿಯಲು ಏನಿದೆ ಎಂದು ಅವರೂ ಹೇಳಬೇಕಲ್ಲ. ಅಣ್ಣತಮ್ಮಂದಿರಿಗೆ ಹಂಚಿ ಉಳಿದದ್ದು ಇಪ್ಪತ್ತು ಗುಂಟೆ. ಮೈಷುಗರ್ ಕಾರ್ಖಾನೆಗೆ ವರ್ಷಗಟ್ಟಲೆ ಬೀಗ ಬಿದ್ದಿದ್ದು 2022ರಲ್ಲಿ ಮತ್ತೆ ಗಾಣ ತಿರುಗಿತು. 2015ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳ ಸುದ್ದಿ ಓದಿಕೊಂಡೇ ಈ ಹುಡುಗರು ದೊಡ್ಡವರಾದರು. 2023ರಲ್ಲಿ ಕೆಆರ್‌ಎಸ್ ಬರಿದಾಯಿತು, ನಾಲೆಗೆ ನೀರಿಲ್ಲ. 2025ರಲ್ಲಿ ಅದೇ ಅಣೆಕಟ್ಟು ದಶಕಗಳಿಂದ ಕಾಣದಂತೆ ಜೂನ್ ತಿಂಗಳಲ್ಲೇ ತುಂಬಿತು. ಬೇಸಾಯ ಮಾಡುವುದು ಇದಕ್ಕಿಂತ ದೊಡ್ಡ ಜೂಜು, ಅದರಲ್ಲಿ ಬ್ಯಾಕ್‌ಟೆಸ್ಟ್ ಕೂಡ ಇಲ್ಲ ಎಂದು ಒಬ್ಬ ನನಗೆ ಹೇಳಿದ. ಉತ್ತರ ಕೊಡುವುದು ಸುಲಭವಿರಲಿಲ್ಲ. ಇಲ್ಲಿ ನಿಯಮ ಇದೆ, ಅಂಕಿ ಇದೆ, ಯಾರ ಮುಲಾಜೂ ಇಲ್ಲ, ದಲ್ಲಾಳಿ ಇಲ್ಲ, ಜಾತಿ ಕೇಳುವವರಿಲ್ಲ ಎಂಬುದೇ ಅವರನ್ನು ಎಳೆಯುವುದು. ಸೆಬಿಯ ಅಂಕಿಗಳೂ ಇದನ್ನೇ ಹೇಳುತ್ತವೆ. 2023-24ರಲ್ಲಿ ಇಂಥ ಟ್ರೇಡರುಗಳಲ್ಲಿ ಶೇ 43 ಮಂದಿ ಮೂವತ್ತು ವರ್ಷದೊಳಗಿನವರು, ಹಿಂದಿನ ವರ್ಷ ಅದು ಶೇ 31 ಇತ್ತು. ಶೇ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಆಚೆಯವರು, ಅಂದರೆ ನಮ್ಮಂಥ ಊರಿನವರು. ನಾಲ್ವರಲ್ಲಿ ಮೂವರು ತಮ್ಮ ವರಮಾನ ವರ್ಷಕ್ಕೆ ಐದು ಲಕ್ಷಕ್ಕಿಂತ ಕಡಿಮೆ ಎಂದು ಬರೆದುಕೊಟ್ಟವರು. ಸತತವಾಗಿ ಸೋತ ಮೇಲೂ ಅವರಲ್ಲಿ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಮಂದಿ ಬಿಡಲಿಲ್ಲ. 2024-25ರಲ್ಲಿ ಒಟ್ಟು ನಷ್ಟ 1,05,603 ಕೋಟಿಗೆ ಏರಿತು.

ನಿಯಂತ್ರಕರು ಕೈಕಟ್ಟಿ ಕುಳಿತಿಲ್ಲ ಎಂಬುದೂ ನಿಜ. ಅಲ್ಗೊರಿದಂ ಮಾರುವಾಗ ಹಿಂದಿನ ಅಥವಾ ಮುಂದಿನ ಲಾಭದ ಮಾತೆತ್ತಬಾರದು ಎಂದು ಬ್ರೋಕರುಗಳಿಗೆ ಸೆಬಿ 2022ರ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ಪಾಠ ಹೇಳುವವರು ಕನಿಷ್ಠ ಮೂರು ತಿಂಗಳು ಹಳೆಯದಾದ ಬೆಲೆಗಳನ್ನಷ್ಟೇ ಬಳಸಬೇಕು ಎಂದು 2025ರ ಜನವರಿಯಲ್ಲಿ ಹೇಳಿತು. ಎರಡನೆಯದು ನನ್ನ ಮಟ್ಟಿಗೆ ತಮಾಷೆಯೇ. ಬ್ಯಾಕ್‌ಟೆಸ್ಟ್ ಮಾರುವವನಿಗೆ ಬೇಕಾದದ್ದೇ ಹಳೆಯ ಬೆಲೆ, ಹಳೆಯದಾದಷ್ಟೂ ಒಳ್ಳೆಯದು.

ಮುಂಬಯಿಯಿಂದ ಬರುವ ಸುತ್ತೋಲೆ ಮಳವಳ್ಳಿಯ ಮೊಬೈಲಿಗೆ ತಲುಪುವುದಿಲ್ಲ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವಾಣಿಜ್ಯ ಕಲಿಸುವ ಮೇಷ್ಟ್ರುಗಳಿದ್ದಾರೆ. ನನ್ನ ಜಗಳ ಕೊನೆಗೆ ಬಂದು ನಿಲ್ಲುವುದು ಅವರ ಹತ್ತಿರ, ನನ್ನಂಥ ಸಂಶೋಧಕರ ಹತ್ತಿರ. ಕರಿಯರ್ ಗೈಡೆನ್ಸ್ ಹೆಸರಿನಲ್ಲಿ ಸೆಮಿನಾರ್ ಹಾಲಿನ ಬೀಗದ ಕೈ ಕೊಡುವವರು, ಮುಂದಿನ ಸಾಲಿನಲ್ಲಿ ಕುಳಿತು ಹೂಗುಚ್ಛ ಕೊಡುವವರು ನಮ್ಮವರೇ. ಒಂದು ಗಂಟೆಯ ಪ್ರಾಯೋಗಿಕ ತರಗತಿ ಸಾಕು. ಪ್ರತಿ ವಿದ್ಯಾರ್ಥಿಗೂ ಒಂದೊಂದು ಯಾದೃಚ್ಛಿಕ ಚಾರ್ಟ್ ಕೊಟ್ಟು, ಅದರಲ್ಲಿ ಗೆಲ್ಲುವ ನಿಯಮ ಹುಡುಕಲು ಹೇಳಿ. ಎಲ್ಲರೂ ಹುಡುಕುತ್ತಾರೆ, ಖಂಡಿತ ಸಿಗುತ್ತದೆ. ಆಮೇಲೆ ಅದೇ ನಿಯಮವನ್ನು ಪಕ್ಕದವರ ಚಾರ್ಟಿನ ಮೇಲೆ ಓಡಿಸಲು ಹೇಳಿ. ಅಷ್ಟಾದ ಮೇಲೂ ಬ್ಲೇಜರ್ ಹಾಕಿದವರು ಬಂದರೆ ಬರಲಿ. ಹಸಿರು ಗೆರೆಯ ಜೊತೆಗೆ ಎಸೆದ ನಿಯಮಗಳ ಪಟ್ಟಿಯನ್ನೂ, ಖರ್ಚೆಲ್ಲ ಕಳೆದ ಮೇಲಿನ ತಮ್ಮ ಸ್ವಂತ ಖಾತೆಯ ಕಾಂಟ್ರಾಕ್ಟ್ ನೋಟುಗಳನ್ನೂ ತಂದರೆ ಮಾತ್ರ ಮೈಕ್ ಕೊಡೋಣ.